ಕರಡಿಗೊಬ್ಬ ಅರುವ

೮ ಜೂನ್ ೧೯೫೮, ಭಾನುವಾರ

ಮಳೆ ಹಿಡಿದಿದೆ. ಬೆಳಗ್ಗೆಯಿಂದ ಬಟ್ಟೆ ಒಣಗಿಸುವುದೇ ಕೆಲಸ. ಒಲೆಯ ಮೇಲಿನ ಹಗ್ಗದಲ್ಲಿ ನನ್ನ ಎರಡು ಸೀರೆ, ಪಕ್ಕದಲ್ಲಿ ಬಾಡಿಗೆಗಿರುವ ಶಿವಶಂಕರಪ್ಪನವರ ಕೋಟು. ಹೊಗೆ ವಾಸನೆ ಹಿಡಿದಿದೆ ಎಂದರೂ ಕೇಳುವುದಿಲ್ಲ. ತಿಪಟೂರಿನವರು, ಮಡಿಕೇರಿ ಮಳೆಗೆ ಹೊಸಬರು. ಒಣಗಿದರೆ ಸಾಕಂತೆ.

ಊಟ ಆದಮೇಲೆ ಎಂದಿನಂತೆ ಮಹಡಿ ಹತ್ತಿ ಹೊನ್ನಮ್ಮಕ್ಕನನ್ನು ಕರೆದೆ. ಎಂದಿನಂತೆ "ಇವತ್ತು ಬೇಡ ಯಮುನ, ತಲೆ ಭಾರ" ಎಂದರು. ಎಂದಿನಂತೆ ನಾನು ಅಲ್ಲೇ ನಿಂತೆ. ಕೊನೆಗೆ ಇಳಿದು ಬಂದರು.

ಈ ಮನೆ ಅವರದು. ಗಂಡ ತೀರಿಕೊಂಡ ಮೇಲೆ ಒಂದು ವರ್ಷ ಬಚ್ಚಲಿಗೆ ಬಿಟ್ಟರೆ ಮಹಡಿ ಇಳಿದವರಲ್ಲ. ಗಂಜಿ ಮೇಲೆ ಹೋಗುತ್ತಿತ್ತು, ಅರ್ಧ ವಾಪಸ್ ಬರುತ್ತಿತ್ತು. ನಾನು ಚೇರಂಬಾಣೆಯಿಂದ ಟೈಪಿಸ್ಟ್ ಕೆಲಸಕ್ಕೆ ಬಂದಾಗ ಊರಲ್ಲಿ ಒಬ್ಬರೂ ರೂಮು ಕೊಡಲಿಲ್ಲ — ಒಂಟಿ ಹೆಂಗಸು, ಮದುವೆ ಯಾಕಿಲ್ಲ, ಆಫೀಸು ಯಾಕೆ. ಇವರು ಕಿಟಕಿಯಿಂದ ನೋಡಿ "ಒಳಗೆ ಬಾ, ನೆನಿಬೇಡ" ಎಂದರು. ಅಷ್ಟೇ ಇಂಟರ್‌ವ್ಯೂ. ಆ ಋಣ ಇದೆ. ಋಣ ಬಿಡು, ಪ್ರೀತಿ ಇದೆ.

ಅವರು ಕೆಳಗೆ ಇಳಿಯಲು ಕಾರಣ ಕವಡೆ ಆಟ. ಯುಗಾದಿಯ ರಜೆಯಲ್ಲಿ ಹಲಗೆಯ ಮೇಲೆ ಚೌಕ ಬರೆದು ನಾಲ್ವರು ಕೂತೆವು: ಹೊನ್ನಮ್ಮಕ್ಕ, ಅವರ ಮೈದುನ ದೇರಪ್ಪಣ್ಣ, ಮುಂದಿನ ಕೋಣೆಯ ಬಾಡಿಗೆದಾರ ಶಿವಶಂಕರಪ್ಪ, ನಾನು. ಅವತ್ತು ಒಂದು ಕಾಯಿಯೂ ನಡೆಯಲಿಲ್ಲ. "ನಮ್ಮಲ್ಲಿ ಹೀಗಲ್ಲ" ಎಂದು ಒಬ್ಬರು, "ನಮ್ಮ ಅಜ್ಜಿ ಹಾಗೆ ಆಡ್ತಿದ್ದದ್ದಲ್ಲ" ಎಂದು ಇನ್ನೊಬ್ಬರು. ನಾಲ್ಕು ಊರು, ನಾಲ್ಕು ಚೌಕಾಬಾರ. ದೇರಪ್ಪಣ್ಣ ಬಸ್ ಸ್ಟ್ಯಾಂಡಿನಲ್ಲಿ ಬುಕಿಂಗ್ ಏಜೆಂಟು, ಜಗಳ ಬಿಡಿಸಿ ಅಭ್ಯಾಸ. "ಯಾರ ಊರಿನದ್ದೂ ಬೇಡ. ನಮ್ಮ ರೂಲು ನಾವೇ ಮಾಡುವ. ಕೂತವರು ಕೈ ಎತ್ತಿದ್ರೆ ರೂಲು" ಎಂದ. ಅಡುಗೆಮನೆ ಬಾಗಿಲ ಹಿಂದೆ ಸೀಮೆಸುಣ್ಣದಲ್ಲಿ ಬರೆದೆವು. ಈಗ ಬಾಗಿಲು ತುಂಬಿ ಬಂದಿದೆ.

ಇವತ್ತಿನ ಹೊಸ ರೂಲಿನ ಕರಡು ಶಿವಶಂಕರಪ್ಪನವರದು: ಹಲಗೆಯಿಂದ ಹೊರಗೆ ಹಾರಿದ ಕವಡೆಯನ್ನು ಎಣಿಕೆಗೆ ಹಿಡಿಯತಕ್ಕದ್ದಲ್ಲ. ಖಜಾನೆಯ ಹೆಡ್ ಕ್ಲಾರ್ಕು. ತಕ್ಕದ್ದಲ್ಲ ಎನ್ನದೆ ವಾಕ್ಯ ಮುಗಿಸಲು ಬರುವುದಿಲ್ಲ. ಅವರ ಕವಡೆ ಬೂದಿಗೆ ಹಾರಿ ಬರೀ ಒಂದು ಬಿದ್ದಿತ್ತು. ಎಂಟು ಬಿದ್ದಿದ್ದರೆ ಈ ಕರಡು ಹುಟ್ಟುತ್ತಲೇ ಇರಲಿಲ್ಲ. ನಮ್ಮಲ್ಲಿ ರೂಲು ಹುಟ್ಟುವುದು ಸೋಲುವವನ ತಲೆಯಲ್ಲೇ, ಪಾಸಾಗುವುದು ಅವನ ಸಿಟ್ಟು ಇಳಿಯುವ ಮೊದಲು. ಮೂರು ಕೈ ಎದ್ದವು. ನಾನು ಎತ್ತಲಿಲ್ಲ. ಅರ್ಧ ಗಂಟೆ ವಾದ ಮಾಡಿದೆವು, ಹೊನ್ನಮ್ಮಕ್ಕ ಕೇಳುತ್ತ ಕೂತಿದ್ದರು.

೧೫ ಜೂನ್, ಭಾನುವಾರ

ಸಂಜೆ ಆರು. ಬಿಸಿಬಿಸಿ ಇರುವಾಗಲೇ ಬರೆಯಬೇಕು. ಹೊನ್ನಮ್ಮಕ್ಕ ಇವತ್ತು ರೂಲು ತಂದರು. ಮೊದಲ ಸಲ.

ಅವರ ಮೂರು ಕಾಯಿ ನಡುವಿನ ಮನೆ ಸೇರಿ ಹಣ್ಣಾಗಿದ್ದವು. ಉಳಿದದ್ದು ಒಂದು. ಒಳಸುತ್ತಿಗೆ ಹೋಗಲು ಇನ್ನೆರಡು ಮನೆ ಇರುವಾಗ ದೇರಪ್ಪಣ್ಣ ಹೊಡೆದ. ಮತ್ತೆ ಮೊದಲಿನಿಂದ ಸುತ್ತಿ ಬಂದರು, ಮತ್ತೆ ಹೊಡೆದ. ಅಕ್ಕ ಕವಡೆ ಕೆಳಗಿಟ್ಟು, ನೆಲ ನೋಡುತ್ತ, "ಒಂದು ರೂಲು ಹೇಳ್ಲಾ" ಎಂದರು. "ಒಂದೇ ಕಾಯಿ ಉಳಿದವರನ್ನ ಹೊಡಿಬಾರ್ದು."

ಗಂಡ ಹೋದ ಹೆಂಗಸು, ಒಂದೇ ಉಳಿದವರು ಎನ್ನುತ್ತಾರೆ... ದೇರಪ್ಪಣ್ಣ ತನ್ನ ಕಾಲುಬೆರಳು ನೋಡುತ್ತಿದ್ದ. ಒಂದು ಅಲ್ಪವಿರಾಮಕ್ಕೆ ಹತ್ತು ಪ್ರಶ್ನೆ ಕೇಳುವ ಶಿವಶಂಕರಪ್ಪನವರಿಗೂ ಪ್ರಶ್ನೆ ಹುಟ್ಟಲಿಲ್ಲ. ಮೂರು ಕೈ ಒಟ್ಟಿಗೆ ಎದ್ದವು. ನಾನೇ ಬಾಗಿಲ ಮೇಲೆ ದೊಡ್ಡದಾಗಿ ಬರೆದೆ.

"ಇಷ್ಟು ಬೇಗವಾ" ಎಂದರು ಅಕ್ಕ. ಖುಷಿಯಾಗಿರಬೇಕು. ನನಗಂತೂ ಆಗಿದೆ.

೨೯ ಜೂನ್, ಭಾನುವಾರ

ಆಟ ಕೆಟ್ಟಿತು. ಆಟ ಮಾತ್ರ ಕೆಟ್ಟಿದ್ದರೆ ಬರೆಯುತ್ತಿರಲಿಲ್ಲ.

ನಾಲ್ವರಿಗೂ ಮೂರು ಮೂರು ಹಣ್ಣು, ಒಂದೊಂದು ಕಾಯಿ ಬಾಕಿ. ಇಂಥ ದಿನ ಇದುವರೆಗೆ ಬಂದಿರಲಿಲ್ಲ. ದೇರಪ್ಪಣ್ಣನ ಹಳೇ ರೂಲು: ಪ್ರತಿ ಕಾಯಿಯೂ ಒಬ್ಬರನ್ನು ಹೊಡೆದ ಮೇಲೆಯೇ ಒಳಸುತ್ತಿಗೆ. ಹೊನ್ನಮ್ಮಕ್ಕನ ಹೊಸ ರೂಲು: ಒಂದೇ ಉಳಿದದ್ದನ್ನು ಹೊಡೆಯಬಾರದು. ಹೊಡೆಯದೆ ಒಳಗಿಲ್ಲ, ಹೊಡೆಯಲು ಯಾರೂ ಇಲ್ಲ. ಸುತ್ತಿದೆವು. ಕಾಫಿ ಕುಡಿದು ಮತ್ತೆ ಸುತ್ತಿದೆವು. "ವಿರಾಜಪೇಟೆ ಬಸ್ಸು ದಾರಿ ಮರೆತು ಸ್ಟ್ಯಾಂಡಿಗೇ ಪ್ರದಕ್ಷಿಣೆ ಹಾಕಿದ ಹಾಗಾಯ್ತು" ಎಂದ ದೇರಪ್ಪಣ್ಣ. ಎಲ್ಲರೂ ನಕ್ಕೆವು, ಅಕ್ಕನೂ.

ಶಿವಶಂಕರಪ್ಪ ಬಾಗಿಲ ಹಿಂದೆ ಹೋಗಿ ಕನ್ನಡಕ ಏರಿಸಿ ಓದಿದರು. "ಸಿಕ್ತು. ತಪ್ಪಿರೋದು ಇಲ್ಲಿ. ಈ ಒಂದೇ ಕಾಯಿ ರೂಲು. ಇದನ್ನ ರದ್ದು ಮಾಡಿದ್ರೆ ಎಲ್ಲ ಸರಿಹೋಗತ್ತೆ. ಯಾರು ತಂದಿದ್ದು ಇದನ್ನ?" ನಿಜಕ್ಕೂ ಮರೆತಿದ್ದರು, ಪಾಪ.

"ನಾನು" ಎಂದರು ಅಕ್ಕ.

ಶಿವಶಂಕರಪ್ಪನವರ ಮುಖ ಇಳಿದುಹೋಯಿತು. "ಅಯ್ಯೋ, ನಿಮ್ದಾ ತಾಯಿ. ಹಾಗಾದ್ರೆ ಇರ್ಲಿ ಬಿಡಿ. ಏನೂ ಪರವಾಗಿಲ್ಲ. ಹೀಗೇ ಸುತ್ತೋಣ." "ಹೌದು ಹೌದು, ಇರ್ಲಿ" ಎಂದ ದೇರಪ್ಪಣ್ಣ. ನಾನೂ ಇರಲಿ ಎಂದೆ.

ಅಕ್ಕ ಎದ್ದರು. ಸೆರಗು ಸರಿಮಾಡಿಕೊಂಡರು. "ಇರ್ಲಿ ಅಂತೆ" ಎಂದು ಯಾರಿಗೂ ಅಲ್ಲದ ಹಾಗೆ ಹೇಳಿ ಮಹಡಿ ಹತ್ತಿದರು. ರಾತ್ರಿಯ ಊಟ ಮೇಲಕ್ಕೇ ಹೋಯಿತು.

೨ ಜುಲೈ, ಬುಧವಾರ

ಇಳಿದಿಲ್ಲ. ಗಂಜಿ ಅರ್ಧ ವಾಪಸ್.

ಆಫೀಸಿನಿಂದ ಬರುವಾಗ ಬಸ್ ಸ್ಟ್ಯಾಂಡಿಗೆ ಹೋದೆ. ದೇರಪ್ಪಣ್ಣ ಟಿಕೆಟ್ ಹರಿಯುತ್ತಿದ್ದ. ಶಿವಶಂಕರಪ್ಪನವರನ್ನು ನಾನು ಚೆನ್ನಾಗಿ ಬೈದೆ: ಕೊಡಗಿಗೆ ಮೈಸೂರು ಸರ್ಕಾರ ಬಂದ ಮೇಲೆ ಇವರಿಗೆಲ್ಲ ರದ್ದು ಮಾಡುವುದೊಂದೇ ಗೊತ್ತು, ಇತ್ಯಾದಿ. ಅವನು ತಲೆ ಎತ್ತಲಿಲ್ಲ.

"ಅವರನ್ನ ಬೈಬೇಡ ಮಾರಾಯ್ತಿ. ನನಗೆ ಅವತ್ತೇ ಗೊತ್ತಿತ್ತು, ಈ ರೂಲು ನನ್ನ ರೂಲಿಗೆ ಸಿಕ್ಕಿಕೊಳ್ತದೆ ಅಂತ."

"ಹೇಳಬಾರದಿತ್ತಾ?"

"ಅತ್ತಿಗೆ ಒಂದೂವರೆ ವರ್ಷದ ಮೇಲೆ ಬಾಯಿ ಬಿಟ್ಟು ಒಂದು ಬೇಕು ಅಂತ ಕೇಳಿದ್ದು. ಇಲ್ಲ ಅಂತ ಹೇಗೆ ಹೇಳುದು?"

ನಮ್ಮ ಕಡೆ ಹೀಗೇ. ಹಿರಿಯರು ಉಪ್ಪಿಲ್ಲದ ಸಾರು ಬಡಿಸಿದರೂ ಎರಡು ಸಲ ಹಾಕಿಸಿಕೊಳ್ಳುತ್ತೇವೆ. ಸುಳ್ಯ ಬಸ್ಸು ಬಂತು, ಅವನು ಓಡಿದ.

೬ ಜುಲೈ, ಭಾನುವಾರ

ಮೇಲೆ ಹೋಗಿ ಕರೆದೆ. ಬಾಗಿಲು ತೆರೆಯಲಿಲ್ಲ. ಮೂವರು ಹಲಗೆ ಸುತ್ತ ಕೂತು ಎದ್ದೆವು.

ಹೆದರಿಕೆಯಾಗುತ್ತಿದೆ. ಮತ್ತೆ ಆ ಒಂದು ವರ್ಷದ ಹಾಗೆ ಆದರೆ? ಇನ್ನೊಮ್ಮೆ ಇಳಿಸಲು ನನ್ನ ಹತ್ತಿರ ಇನ್ನೊಂದು ಆಟ ಇಲ್ಲ.

೧೩ ಜುಲೈ, ಭಾನುವಾರ

ಇವತ್ತು ಕರೆಯಲು ಹೋಗಲಿಲ್ಲ. ಕೂರಲು ಹೋದೆ. ಬಾಗಿಲ ಹೊರಗೆ ಮೆಟ್ಟಿಲ ಮೇಲೆ ಕೂತು ಹಲಸಿನ ಬೀಜ ಸುಲಿಯುತ್ತಿದ್ದೆ. ಸುಮಾರು ಹೊತ್ತಾದ ಮೇಲೆ ಬಾಗಿಲು ತೆರೆದರು. ಎದುರು ಕೂತು ಅವರೂ ಸುಲಿದರು.

ನಾನು ಕೇಳಿದೆ, "ಶಿವಶಂಕರಪ್ಪನವರು ರದ್ದು ಅಂದದ್ದಕ್ಕೆ ಬೇಜಾರಾ ಅಕ್ಕ?"

"ರದ್ದು ಅಂದದ್ದು ಸರಿ. ರೂಲು ತಪ್ಪಿತ್ತು. ನನ್ನದು ಅಂತ ಗೊತ್ತಾದ ಕೂಡ್ಲೆ ಇರ್ಲಿ ಬಿಡಿ ಅಂದ್ರಲ್ಲ. ಅದು."

ಬೀಜ ನನ್ನ ಕೈಯಲ್ಲೇ ಉಳಿಯಿತು.

"ನಿನ್ನ ಕರಡು ಬಂದಾಗ ದೇರಪ್ಪ ಮೈಮೇಲೆ ಬೀಳ್ತಾನೆ. ಅವರ ಕರಡು ಬಂದಾಗ ನೀನು ಬೀಳ್ತಿ. ಕೇಳ್ತಾ ಕೂತು ನನಗೂ ಆಸೆ ಆಯ್ತು. ನನ್ನದಕ್ಕೆ ಒಂದು ಪ್ರಶ್ನೆ ಇಲ್ಲ. ಅವತ್ತು ನೀವು ಮೂವರೂ ಕೈ ಎತ್ತಿದ್ದು ರೂಲಿಗಲ್ಲ ಯಮುನ. ಈ ಬಿಳಿ ಸೀರೆಗೆ."

ನಿಜ. ನಾಚಿಕೆಯಾಯಿತು.

"ಒಂಟಿ ಕಾಯಿ, ಪಾಪ, ಗಂಡ ಇಲ್ಲದವಳು ಅಂತ ಕಥೆ ಕಟ್ಟಿದ್ರಿ. ಕಥೆ ಎಂತದ್ದೂ ಇಲ್ಲ. ದೇರಪ್ಪ ಎರಡೆರಡು ಸಲ ಹೊಡೆದ. ನನಗೆ ಸೋಲುದು ಆಗುದಿಲ್ಲ. ಅಷ್ಟೆ."

ನನಗೆ ನಗು ಬಂತು, ತಡೆದುಕೊಂಡೆ. ಅವರು ನಗಲಿಲ್ಲ. ಬೀಜದ ಸಿಪ್ಪೆ ಒಟ್ಟು ಮಾಡುತ್ತ ಹೇಳಿದರು: "ನಮ್ಮಲ್ಲಿ ಮದುವೆಗೆ ಮಾತಾಡುವಾಗ ಹುಡುಗಿ ಮನೆಯವರು ಬಾಯಿ ಬಿಡುದಿಲ್ಲ, ಹುಡುಗನ ಮನೆಯವರೂ ಇಲ್ಲ. ಪ್ರತಿ ಮನೆಗೂ ಬೇರೆ ಮನೆಯವ ಒಬ್ಬ ಅರುವ ಇರ್ತಾನೆ. ಅವನೇ ಎದ್ದು ನಿಂತು ಮಾತಾಡುದು. ಎಷ್ಟು ಗಟ್ಟಿ ಕೇಳಿದ್ರೂ ಯಾರಿಗೂ ನೋವಿಲ್ಲ, ಕೇಳಿದ್ದು ಅರುವನನ್ನ. ನನ್ನ ಮುಖ ನೋಡಿಕೊಂಡು ನೀವು ಎಂತ ಕೇಳ್ತೀರಿ?"

ಬುಟ್ಟಿ ಎತ್ತಿಕೊಂಡು ಒಳಗೆ ಹೋದರು. ಬಾಗಿಲು ಹಾಕಿಕೊಂಡರು.

೧೫ ಜುಲೈ, ಮಂಗಳವಾರ

ಆಫೀಸಿನಲ್ಲಿ ಕೂತು ಬರೆಯುತ್ತಿದ್ದೇನೆ, ಟೈಪ್‌ರೈಟರಿನ ಹಿಂದೆ ಅಡಗಿ.

ಒಂದು ರಸ್ತೆ ನೋಟೀಸಿನ ಡ್ರಾಫ್ಟು ಮೂರನೇ ಸಲ ಕೆಂಪು ಇಂಕಿನಲ್ಲಿ ವಾಪಸ್ ಬಂತು. ಬರೆದ ಗುಮಾಸ್ತರು ಇನ್ನೊಂದು ಕಟ್ಟಡದಲ್ಲಿ, ತಿದ್ದಿದ ಸಾಹೇಬರು ಒಳಗೆ. ಅದು ನಡುವೆ ನನ್ನ ಮೇಜಿಗೆ ಬಂದು ಬೈಸಿಕೊಂಡು ಹೋಗುತ್ತದೆ. ಬೈದವರಿಗೂ ಬೈಸಿಕೊಂಡವರಿಗೂ ಮುಖಾಮುಖಿ ಇಲ್ಲ, ಸಂಜೆ ಇಬ್ಬರೂ ಒಂದೇ ಹೋಟೆಲಿನಲ್ಲಿ ಕಾಫಿ ಕುಡಿಯುತ್ತಾರೆ. ಅದನ್ನೇ ನೋಡುತ್ತ ಇದ್ದೆ. ಅಕ್ಕ ಹೇಳಿದ್ದೂ ಇದೇ ಅಲ್ಲವೇ?

ನಮಗೂ ಬೇಕು. ಕರಡಿಗೊಬ್ಬ ಅರುವ.

ಸಂಜೆ —

ಶಿವಶಂಕರಪ್ಪನವರಿಗೆ ಹೇಳಿದೆ. ಅಕ್ಕ ಯಾಕೆ ಎದ್ದು ಹೋದರು ಎಂಬುದನ್ನೂ. "ನಾನು ಅನ್ನಬೇಕಾಗಿದ್ದನ್ನ ಅಂದು, ಆಮೇಲೆ ಅನ್ನಬಾರದ್ದನ್ನ ಅಂದೆ ಅನ್ನಿ" ಎಂದರು. ಆಮೇಲೆ ಪೆನ್ಸಿಲ್ ತೆಗೆದರು. ಮನುಷ್ಯನಿಗೆ ಕರಡು ಬರೆಯುವುದೆಂದರೆ ಮಕ್ಕಳಿಗೆ ಜಾತ್ರೆ.

ಕರಡು ಒಂದು ಭಾನುವಾರದಿಂದ ಇನ್ನೊಂದರವರೆಗೆ ಗೋಡೆಯ ಮೇಲೆ ಇರಬೇಕು, ಸಿಟ್ಟು ಆರಲಿ. ತಂದವರು ಅದರ ಪರ ಮಾತಾಡಬಾರದು, ಅರುವ ಮಾತಾಡಬೇಕು. ಯಾರು ಅರುವ? ಅಲ್ಲಿ ತಕರಾರು ಬಂತು. ಕರಡನ್ನು ಒಪ್ಪದವರೇ ಅರುವ ಆಗಲಿ ಎಂದೆ ನಾನು. "ವಿರೋಧಿಗೇ ವಕಾಲತ್ತು ಕೊಟ್ರೆ ಕೇಸು ಉಳಿಯುತ್ತೇನ್ರೀ?" ಎಂದರು. ಒಪ್ಪದವನಿಗೆ ಅದರ ತೂತು ಎಲ್ಲಿದೆ ಎಂದು ಗೊತ್ತಿರುತ್ತದೆ, ಪರ ಮಾತಾಡಬೇಕಾದರೆ ಮುಚ್ಚುವ ದಾರಿಯನ್ನೂ ಅವನೇ ಹುಡುಕಬೇಕು ಎಂದೆ. ಪೆನ್ಸಿಲ್ ಕಚ್ಚಿದರು. ಒಪ್ಪಿದರು. ಕೊನೆಗೆ, ಕೈ ಎತ್ತುವ ಮೊದಲು ಆ ರೂಲು ಹಾಕಿ ಒಂದು ಒಣ ಆಟ. ಗೆದ್ದರೂ ಸೋತರೂ ಲೆಕ್ಕವಿಲ್ಲ, ರೂಲು ಹೇಗೆ ನಡೆಯುತ್ತದೆ ನೋಡಲು ಮಾತ್ರ.

೨೦ ಜುಲೈ, ಭಾನುವಾರ

ದೇರಪ್ಪಣ್ಣ ಒಪ್ಪಲಿಲ್ಲ. ನಾನು ಎಣಿಸಿರಲಿಲ್ಲ.

"ಅರುವ ಅಂದ್ರೆ ಆಟದ ಸಾಮಾನಲ್ಲ ಯಮುನ. ನಮ್ಮ ಅಣ್ಣನ ಮದುವೆಗೆ ನಿಂತ ಅರುವನ ಕಾಲಿಗೆ ನಾನು ಈಗಲೂ ಬೀಳ್ತೇನೆ. ಅದನ್ನ ತಂದು ಕವಡೆ ಪಕ್ಕ ಇಡ್ಲಿಕ್ಕೆ ಆಗುದಿಲ್ಲ." ಸಿಟ್ಟಿನಲ್ಲಿ ಹೇಳಿದ್ದಲ್ಲ. ಅದಕ್ಕೇ ನನಗೆ ಹೆಚ್ಚು ತಾಗಿತು. ನಾನು ಗೌಡರ ಮನೆಯವಳು, ಕೊಡವರ ಮನೆಯ ಮಾತನ್ನು ಕೇಳದೆ ಎತ್ತಿಕೊಂಡಿದ್ದೆ.

ಬೇರೆ ಹೆಸರು ಇಡೋಣ ಎಂದರು ಶಿವಶಂಕರಪ್ಪ. ಮೂವರೇ ಇದ್ದೇವೆ, ಎರಡು ಕೈ ಎದ್ದರೆ ಪಾಸು ಎಂದೂ ಹೇಳಿದರು. ನಾನು ಬೇಡ ಎಂದೆ. ಇರುವವರು ಮೂವರೆಂದು ಪಾಸು ಮಾಡಿದರೆ ಅಕ್ಕ ಇಲ್ಲ ಎಂದೇ ಬರೆದುಕೊಟ್ಟ ಹಾಗೆ. ಅರುವ ಅವರ ಮಾತು, ಅವರೇ ಹೇಳಲಿ.

ಮಹಡಿ ಮೆಟ್ಟಿಲ ಪಕ್ಕದ ಗೋಡೆಯ ಮೇಲೆ ಕರಡನ್ನು ಸೀಮೆಸುಣ್ಣದಲ್ಲಿ ಬರೆದೆವು. ಬಚ್ಚಲಿಗೆ ಹೋಗಲು ಅಕ್ಕ ಆ ದಾರಿಯಲ್ಲೇ ಇಳಿಯಬೇಕು. ಕೆಳಗೆ ಒಂದು ತುಂಡು ಸೀಮೆಸುಣ್ಣ ಬಿಟ್ಟು ಬಂದೆ.

೨೪ ಜುಲೈ, ಗುರುವಾರ

ಇವತ್ತು ಆಫೀಸಿಗೆ ತಡವಾಯಿತು. ಗೋಡೆ ಓದುತ್ತ ನಿಂತೆ.

'ಅರುವ' ಎಂಬ ಮಾತಿನ ಕೆಳಗೆ ದುಂಡು ಅಕ್ಷರದಲ್ಲಿ: ಆಟಕ್ಕೂ ಮರ್ಯಾದೆ ಉಂಟು. ದೇರಪ್ಪನಿಗೆ ಹೇಳಿ.

'ಕರಡು ತಂದವರು ಸುಮ್ಮನಿರಬೇಕು' ಎಂಬುದರ ಪಕ್ಕದಲ್ಲಿ: ಕೆಮ್ಮಲೂ ಬಾರದು. ಇದೂ ದೇರಪ್ಪಣ್ಣನಿಗೇ. ಮಾತಾಡಬಾರದ ಕಡೆ ಅವನು ಕೆಮ್ಮಿ ಕೆಲಸ ಸಾಧಿಸುವವನು.

ಒಣ ಆಟದ ಕೆಳಗೆ: ಮೊದಲಿನಿಂದ ಆಡಿದರೆ ಪ್ರಯೋಜನ ಇಲ್ಲ. ನಾವು ಸಿಕ್ಕಿಬಿದ್ದದ್ದು ಕೊನೆಯಲ್ಲಿ. ಕೊನೆಯಿಂದ ಆಡಿ ನೋಡಬೇಕು.

ಹೌದಲ್ಲ. ಅವತ್ತು ಪಾಸಾಗುವ ಮೊದಲು ಒಂದು ಒಣ ಆಟ ಆಡಿದ್ದರೂ ನಾಲ್ವರಿಗೂ ಒಂದೊಂದೇ ಉಳಿಯುವ ಸಂದರ್ಭ ಬರುತ್ತಿರಲಿಲ್ಲ, ತೂತು ಕಾಣುತ್ತಿರಲಿಲ್ಲ. ಕೆಟ್ಟ ಜಾಗವನ್ನು ಮೊದಲೇ ಹಲಗೆ ಮೇಲೆ ಇಟ್ಟುಕೊಂಡು ಆಡಬೇಕು. ನಾನೂ ಹೆಡ್ ಕ್ಲಾರ್ಕೂ ಸೇರಿ ನೋಡದ್ದನ್ನು ಇವರು ಬಚ್ಚಲಿಗೆ ಹೋಗುವ ದಾರಿಯಲ್ಲಿ ನೋಡಿದ್ದಾರೆ.

ಶಿವಶಂಕರಪ್ಪನವರನ್ನು ಕರೆದು ತೋರಿಸಿದೆ. ಟವೆಲ್ಲು ಹೆಗಲ ಮೇಲೆ, ಮುಖದ ತುಂಬ ಸೋಪು. ಪೂರ್ತಿ ಓದಿ, "ಒಪ್ಪತಕ್ಕದ್ದು" ಎಂದರು.

ಸಂಜೆ ಗಂಜಿಯ ಪಾತ್ರೆ ಖಾಲಿ ಬಂತು.

೨೭ ಜುಲೈ, ಭಾನುವಾರ

ಇಳಿಯಲಿಲ್ಲ. ಆದರೆ ದೇರಪ್ಪಣ್ಣ ಬಂದು ಗೋಡೆ ಓದಿದ. ಎರಡು ಸಲ ಓದಿದ. ಕೆಮ್ಮಲು ಹೋಗಿ ನುಂಗಿಕೊಂಡ. ಶಿವಶಂಕರಪ್ಪನವರನ್ನು ಜಗಲಿಗೆ ಕರೆದುಕೊಂಡು ಹೋಗಿ ಏನೋ ಪಿಸುಪಿಸು. ನನಗೆ ಹೇಳುವುದಿಲ್ಲವಂತೆ. ನೋಡಿಕೊಳ್ಳುತ್ತೇನೆ.

೩ ಆಗಸ್ಟ್, ಭಾನುವಾರ

ಕಕ್ಕಡ ತಿಂಗಳ ಹದಿನೆಂಟು. ನಮ್ಮ ಮನೆಯಲ್ಲಾದರೆ ಆಟಿ ಹದಿನೆಂಟು. ಹೆಸರು ಬೇರೆ, ಸೊಪ್ಪು ಒಂದೇ. ಇವತ್ತು ಮದ್ದು ಸೊಪ್ಪಿನಲ್ಲಿ ಹದಿನೆಂಟು ಔಷಧ ಸೇರುತ್ತವೆ ಎನ್ನುತ್ತಾರೆ, ಅದರ ರಸದಲ್ಲಿ ಪಾಯಸ ಮಾಡಿ ತಿನ್ನಬೇಕು.

ಬೆಳಗ್ಗೆ ಏಳುವಾಗಲೇ ಅಡುಗೆಮನೆಯಲ್ಲಿ ಸೊಪ್ಪು ಬೇಯುವ ಘಮ. ನೋಡಿದರೆ ಹೊನ್ನಮ್ಮಕ್ಕ ಒಲೆ ಮುಂದೆ. ನಾನು ಬಾಗಿಲಲ್ಲೇ ನಿಂತೆ. "ಎಂತ ನೋಡ್ತಾ ನಿಂತದ್ದು? ತೆಂಗಿನಕಾಯಿ ತುರಿ" ಎಂದರು. ತುರಿದೆ. ಕಣ್ಣಿಗೆ ಹೊಗೆ ಹೋಯಿತು ಎಂದು ಎರಡು ಸಲ ಹೊರಗೆ ಹೋಗಿ ಬಂದೆ. ಹೊಗೆಯಲ್ಲ ಎಂದು ಅವರಿಗೂ ಗೊತ್ತು.

ಪಾಯಸ ನೇರಳೆ ಬಣ್ಣಕ್ಕೆ ಬಂತು. ನಾಲ್ವರೂ ತಿಂದೆವು. ಶಿವಶಂಕರಪ್ಪ ಮೂರು ಬಟ್ಟಲು. ಆಮೇಲೆ ಹಲ್ಲು ಕಡ್ಡಿ ಬಿಸಾಡಿ, ಹಲಗೆ ಹಾಕಿದೆವು.

ಮೊದಲು ಗೋಡೆಯ ಕರಡು. ಎಲ್ಲರೂ ಕೇಳಿದರು, ಎಲ್ಲರೂ ತಿದ್ದಿದರು. ನಾಲ್ಕು ಕೈ. ದೇರಪ್ಪಣ್ಣನದು ಕೊನೆಗೆ, ಆದರೆ ಪೂರ್ತಿ ಎದ್ದಿತು.

ಆಮೇಲೆ ಒಂದೇ ಕಾಯಿಯ ರೂಲು. ಅದೀಗ ಮತ್ತೆ ಕರಡು; ಏಳು ವಾರದಿಂದ ಬಾಗಿಲ ಮೇಲಿದೆ, ಇನ್ನು ಕಾಯಬೇಕಿಲ್ಲ. ರದ್ದು ಮಾಡಿ ಎಂದವರು ಶಿವಶಂಕರಪ್ಪ, ಹಾಗಾಗಿ ಅರುವನೂ ಅವರೇ. ಅವರು ಎದ್ದು ನಿಂತರು. ಒಲೆಯ ಮೇಲಿನ ಹಗ್ಗದಿಂದ ಕೋಟು ತೆಗೆದು ಹಾಕಿಕೊಂಡರು. ಕೂತೇ ಹೇಳಿ ಎಂದೆ ನಾನು. "ಇಲ್ಲಮ್ಮ, ಅರುವ ನಿಂತೇ ಮಾತಾಡೋದಂತೆ. ಹೇಗೆ ನಿಲ್ಲಬೇಕು, ಕೈ ಎಲ್ಲಿಡಬೇಕು ಅಂತ ದೇರಪ್ಪನವರು ಹೇಳಿಕೊಟ್ಟಿದಾರೆ." ಓಹೋ. ಜಗಲಿಯ ಪಿಸುಪಿಸು ಇದು.

ದೇರಪ್ಪಣ್ಣ ಬಿಡಲಿಲ್ಲ. ಅತ್ತಿಗೆಯ ಕಡೆ ಕತ್ತು ತಿರುಗಿಸದೆ ಅರುವನನ್ನು ಹಿಡಿದ. "ನಿಮ್ಮ ಕರಡಿಗೆ ಬುದ್ಧಿ ಉಂಟಾ ಸ್ವಾಮಿ? ಯಾರೂ ಸಾಯುದಿಲ್ಲ, ಯಾರೂ ಮುಟ್ಟುದೂ ಇಲ್ಲ. ಹೀಗೆ ಸುತ್ತುದಾದ್ರೆ ನಾನು ಬಸ್ಸಿನಲ್ಲೇ ಕೂತ್ಕೊಳ್ತೇನೆ." ನಾನೂ ಸೇರಿಕೊಂಡೆ: ಇದು ಸೋಲಲು ಇಷ್ಟವಿಲ್ಲದವರು ತಂದ ಕರಡು ಎಂದು ಕಾಣುತ್ತದೆ, ಅರುವರು ಏನು ಹೇಳುತ್ತಾರೆ? ಹೇಳಿದ ಮೇಲೆ ಓರೆಗಣ್ಣಲ್ಲಿ ಅಕ್ಕನನ್ನು ನೋಡಿದೆ. ಸೆರಗು ಬಾಯಿಗೆ ಒತ್ತಿಕೊಂಡಿದ್ದರು. ಭುಜ ಅಲುಗುತ್ತಿತ್ತು. ನಗುತ್ತಿದ್ದರು.

ಕೊನೆಯಿಂದ ಆಡಿದೆವು. ನಾಲ್ಕು ಮನೆಯಲ್ಲಿ ನಾಲ್ಕು ಒಂಟಿ ಕಾಯಿ ಇಟ್ಟು. ಸುತ್ತಿದವು, ಅವತ್ತಿನ ಹಾಗೇ. ಅರುವರು ಕೋಟಿನ ಗುಂಡಿ ತಿರುಗಿಸುತ್ತ ಯೋಚಿಸಿದರು. "ತಿದ್ದುಪಡಿ ತರಬಹುದಾ? ಒಂದೇ ಉಳಿದ ಕಾಯಿಯನ್ನು ಯಾರೂ ಹೊಡೆಯತಕ್ಕದ್ದಲ್ಲ. ಅದು ಕೂಡ ಯಾರನ್ನೂ ಹೊಡೆಯತಕ್ಕದ್ದಲ್ಲ. ಅದಕ್ಕೆ ಹೊಡೆಯದೆಯೇ ಒಳಗೆ ಹೋಗುವ ಹಕ್ಕು ಇರತಕ್ಕದ್ದು." ಮತ್ತೆ ಆಡಿದೆವು. ಈ ಸಲ ಕಾಯಿಗಳು ಒಳಗೆ ತಿರುಗಿದವು. ಎಂಟು ಬಿತ್ತು, ನಾಲ್ಕು ಬಿತ್ತು, ಓಟ. ಹೊಡೆತ ಇಲ್ಲದಿದ್ದರೂ ಉಸಿರು ಬಿಗಿಹಿಡಿದು ನೋಡಿದೆವು. ನನಗೆ ರೂಲು ಹಿಡಿಸಿತು. ಪಾಪ ಎಂದಲ್ಲ, ಹಿಡಿಸಿತು.

ಈಗಿನ ರೂಲಿನಂತೆ ಕರಡು ತಂದವರಿಗೆ ಮತವಿಲ್ಲ. ಅರುವರ ಕೈ ಎದ್ದಿತು. ನನ್ನದೂ ಎದ್ದಿತು. ದೇರಪ್ಪಣ್ಣನ ಎರಡೂ ಕೈ ಮಂಡಿಯ ಮೇಲೆ. ಈಗ ಅತ್ತಿಗೆಯ ಮುಖವನ್ನೇ ನೋಡಿದ. "ನನ್ನದಿಲ್ಲ ಅತ್ತಿಗೆ. ಹೊಡೆಯದೆ ಗೆದ್ದದ್ದು ಗೆದ್ದ ಹಾಗಲ್ಲ ನನಗೆ."

ಎರಡಕ್ಕೆ ಒಂದು. ಅಕ್ಕ ಸೆರಗು ಬಾಯಿಂದ ತೆಗೆದರು. ದೇರಪ್ಪಣ್ಣನ ಕೈಯನ್ನು ನೋಡಿದರು, ನನ್ನದನ್ನು ನೋಡಿದರು.

"ಈಗ ಪಾಸಾಯ್ತು" ಎಂದರು.

ಎದ್ದು ಸೀಮೆಸುಣ್ಣ ತೆಗೆದುಕೊಂಡು ಬಾಗಿಲ ಹಿಂದೆ ತಾವೇ ಬರೆದರು. ನನಗೆ ಇಷ್ಟು ಸಂತೋಷ ಆದದ್ದು ಯಾವಾಗ ಎಂದು ನೆನಪಿಲ್ಲ. ಆಮೇಲಿನ ನಿಜವಾದ ಆಟದಲ್ಲಿ ಅಕ್ಕನೇ ಗೆದ್ದರು, ದೇರಪ್ಪಣ್ಣನ ಕಾಯಿಯನ್ನು ಮೂರು ಸಲ ಹೊಡೆದು. ರಾತ್ರಿಯ ಊಟ ನಾಲ್ವರೂ ಕೆಳಗೆ.

೪ ಆಗಸ್ಟ್, ಸೋಮವಾರ

ಬೆಳಗ್ಗೆ ಶಿವಶಂಕರಪ್ಪ ಬಚ್ಚಲಿನಿಂದ ಬಿಳುಚಿಕೊಂಡು ಹೊರಗೆ ಬಂದರು. ಜಗಲಿಯಲ್ಲಿ ಕೂತರು. ಆಸ್ಪತ್ರೆ ಎಷ್ಟು ಹೊತ್ತಿಗೆ ತೆರೆಯುತ್ತದೆ ಎಂದು ಕೇಳಿದರು. ಏನಾಯಿತು ಎಂದರೆ ಹೆಂಗಸರ ಮುಂದೆ ಹೇಳುವಂಥದ್ದಲ್ಲವಂತೆ. ತಿಪಟೂರಿಗೆ ಒಂದು ಕಾರ್ಡು ಹಾಕಬೇಕು, ಮಕ್ಕಳು ಚಿಕ್ಕವರು ಎಂದರು.

ನನಗೆ ತಟ್ಟನೆ ಹೊಳೆಯಿತು. ಮದ್ದು ಸೊಪ್ಪು ತಿಂದ ಮರುದಿನ ಮೂತ್ರ ಕೆಂಪಗೆ ಹೋಗುತ್ತದೆ. ಕೊಡಗಿನ ಮಗುವಿಗೂ ಗೊತ್ತು. ತಿಪಟೂರಿನವರಿಗೆ ಯಾರು ಹೇಳಬೇಕು? ನೆಂಟರಿಗೆ ಬಡಿಸುವಾಗ ಅಂಥ ಮಾತು ಆಡುವುದುಂಟೇ? ಅದೂ ಮೂರು ಬಟ್ಟಲು.

ಅಕ್ಕನಿಗೆ ಹೇಳಿದೆ. ಗೋಡೆ ಹಿಡಿದುಕೊಂಡು ನಕ್ಕರು. ಕಣ್ಣು ಒರೆಸಿಕೊಂಡು ಹೊರಗೆ ಹೋಗಿ ಅವರೇ ತಿಳಿಸಿದರು. ಶಿವಶಂಕರಪ್ಪ ಉಸಿರು ಬಿಟ್ಟರು. "ಅಲ್ಲ ತಾಯಿ, ನಿಮ್ಮೂರಲ್ಲಿ ಯಾವುದನ್ನೂ ಮೊದಲೇ ಹೇಳಲ್ವಾ?"

"ಈಗ ಕಲಿತಾ ಇದ್ದೇವೆ" ಎಂದರು ಅಕ್ಕ.

೧೦ ಆಗಸ್ಟ್, ಭಾನುವಾರ

ಊಟ ಆಯಿತು. ಇವತ್ತು ನನ್ನ ಕರಡು. ಕವಡೆಯನ್ನು ಕೈಯಲ್ಲಿ ಲೆಕ್ಕಕ್ಕಿಂತ ಹೆಚ್ಚು ಹೊತ್ತು ಕುಲುಕಿದವರ ಸರದಿ ಹೋಯಿತು. ಯಾರಿಗೆಂದು ಬರೆದದ್ದು ಎಂದು ಖಜಾನೆಯವರಿಗೂ ಗೊತ್ತಿದೆ. ವಾರವಿಡೀ ಗೋಡೆಯ ಮೇಲಿತ್ತು. "ಇದು ಹೊಟ್ಟೆಕಿಚ್ಚಿನ ಕರಡು, ನಾನು ಒಪ್ಪುದಿಲ್ಲ" ಎಂದು ಅಕ್ಕ ಸೋಮವಾರವೇ ಮುಖಕ್ಕೆ ಹೊಡೆದ ಹಾಗೆ ಹೇಳಿದರು. ಹಾಗಾಗಿ ನನ್ನ ಅರುವ ಅವರೇ.

ಅರುವ ಎಂದರೆ ಸಾಮಾನ್ಯ ಅರುವ ಅಲ್ಲ. ಬಟ್ಟೆ ಹಿಂಡುವಾಗ ಒಂದು ತಪ್ಪು ಹುಡುಕಿದರು. ಅಕ್ಕಿ ಆರಿಸುವಾಗ ಇನ್ನೊಂದು. ನಿನ್ನೆ ಕಾಫಿ ಸೋಸುತ್ತ, "ಒಂದು ದಾರಿ ಉಂಟು, ನಿನಗೆ ಈಗ ಹೇಳುದಿಲ್ಲ" ಎಂದರು. ಪಾಸಾಗುವುದು ಅನುಮಾನ. ಬೇಜಾರಿಲ್ಲ. ಸ್ವಲ್ಪ ಇದೆ.

ಹೊರಗೆ ದೇರಪ್ಪಣ್ಣನ ರೈನ್‌ಕೋಟು ಕೊಡವುವ ಸದ್ದು. ಮಹಡಿ ಹತ್ತಿ ಕರೆಯಬೇಕು ಎಂದು ಎದ್ದೆ. ಮೆಟ್ಟಿಲವರೆಗೆ ಹೋಗಿ ನೋಡಿದರೆ ಮೇಲಿನ ಬಾಗಿಲು ತೆರೆದಿದೆ, ಒಳಗೆ ಯಾರೂ ಇಲ್ಲ. ವಾಪಸ್ ಬಂದು ಇದನ್ನು ಬರೆಯುತ್ತಿದ್ದೇನೆ.

"ಯಮುನ, ಎಂತ ಬರಿಯುದು ಅಷ್ಟು? ಎಲ್ಲ ಬಂದಾಯ್ತು."

ಇದು ಎರಡನೇ ಸಲ ಕರೆಯುತ್ತಿರುವುದು. ಅಕ್ಕ ನನ್ನನ್ನು ಕರೆಯುವುದಾ, ನಾನು ಅವರನ್ನು

ಬಂದೆ ಅಕ್ಕ, ಈ ಒಂದು ಸಾಲು —